ಎರ್ನಿಸ್ ಬಚ್ಚಿಟ್ಟ ಬೋರ್ಡು

ಬಿಶ್ಕೇಕಿನಲ್ಲಿ ಲಿಫ್ಟ್ ರಿಪೇರಿ ಮಾಡುವ ಎರ್ನಿಸ್ ಜೀವಮಾನದ ಮೊದಲ ಸುಳ್ಳು ಹೇಳಿದ್ದು ಒಂದು ಭಾನುವಾರ ಬೆಳಿಗ್ಗೆ, ಬಜಾರಿನ ಚಹಾದಂಗಡಿಯಲ್ಲಿ, ಒಂಬತ್ತು ಜನರ ಎದುರಿಗೆ. ಒಂದು ಹುಡುಗಿಗಾಗಿ ಹೇಳಿದ ಎಂದು ಬೇರೆ ಬಿಡಿಸಿ ಹೇಳಬೇಕೆ? ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಗಂಡು ಇನ್ಯಾವುದಕ್ಕೆ ಸುಳ್ಳು ಹೇಳೀತು!

ಹುಡುಗಿಯ ಹೆಸರು ಬೆರ್ಮೆತ್. ಹೊಲಿಗೆ ಕಾರ್ಖಾನೆಯಲ್ಲಿ ದಿನಕ್ಕೆ ನಾನೂರು ಜಾಕೆಟ್ಟಿಗೆ ಜಿಪ್ಪು ಹೊಲಿಯುವವಳು. ಭಾನುವಾರವಾದರೆ ಬಜಾರಿನ ರೇಡಿಯೋ ಸಾಲಿಗೆ ಬಂದು, ಕೈಯಾರೆ ಆಂಪ್ಲಿಫಯರ್ ಕಟ್ಟುವ ಹುಚ್ಚರ ನಡುವೆ ತಾನೂ ಒಬ್ಬ ಹುಚ್ಚಿಯಾಗಿ ಕೂರುತ್ತಿದ್ದಳು. ಎರ್ನಿಸ್ ಒಂದು ವರ್ಷದಿಂದ ಅವಳನ್ನು ನೋಡುತ್ತಿದ್ದ. ನೋಡುತ್ತಿದ್ದ ಎಂದರೆ, ಅವಳು ಈ ಕಡೆ ತಿರುಗಿದರೆ ಅವನು ಆ ಕಡೆಯ ಕೆಪಾಸಿಟರ್ ಡಬ್ಬಿಯನ್ನು ನೋಡುತ್ತಿದ್ದ. ಒಂದು ವರ್ಷದಲ್ಲಿ ಆ ಬಡಪಾಯಿ ಡಬ್ಬಿ ಅವನ ನೋಟಕ್ಕೆ ತೂತು ಬೀಳದೆ ಉಳಿದದ್ದೇ ಹೆಚ್ಚು.

ಆ ಸಾಲಿನ ಹಿರಿಯ ಮಾರ್ಲೆನ್. ಎಲ್ಲರೂ ಅವರನ್ನು ಅಣ್ಣ ಎನ್ನುವ ಅರ್ಥದಲ್ಲಿ ಬಾಯ್ಕೆ ಎಂದೇ ಕರೆಯುತ್ತಿದ್ದರು. ಈ ಸಲದ ಆಂಪ್ಲಿಫಯರಿನ ಸರ್ಕ್ಯೂಟ್ ಬೋರ್ಡಿನ ನಕ್ಷೆ ಅವರದೇ. ಎಡಗಿವಿಯ ಹಾಡಿಗೆ ಒಂದು ಬೋರ್ಡು, ಬಲಗಿವಿಯದಕ್ಕೆ ಒಂದು. ಚೀನಾದ ಕಾರ್ಖಾನೆ ಒಂದು ಎರಡಕ್ಕೆಲ್ಲ ಕೈ ಹಾಕುವುದಿಲ್ಲ ಎಂದು ಹತ್ತು ಜನ ಹೆಸರು ಸೇರಿಸಿ ಇಪ್ಪತ್ತು ಬೋರ್ಡಿಗೆ ಆರ್ಡರ್ ಕೊಟ್ಟಿದ್ದರು. ಎರಡು ತಿಂಗಳು ಕಾದದ್ದಾಗಿತ್ತು. ಮೊಮ್ಮಗು ಹುಟ್ಟುವುದಕ್ಕೂ ಈ ಜನ ಇಷ್ಟು ಕಾದವರಲ್ಲ.

ಅದಕ್ಕೆ ಕಾರಣವಿತ್ತು. ಮಾರ್ಲೆನ್ ಬಾಯ್ಕೆ ಮಗಳ ಊರು ಕರಕೋಲ್‌ಗೆ ಹೊರಟು ನಿಂತಿದ್ದರು. ಹೋಗುವ ಮುಂಚೆ ತಮ್ಮ ಅಂಗಡಿಯನ್ನು, ಅಂದರೆ ಆ ತುಕ್ಕು ಹಿಡಿದ ನೀಲಿ ಕಂಟೇನರನ್ನು, ರಿಪೇರಿ ಮೇಜು, ನಲವತ್ತು ವರ್ಷದ ಗಿರಾಕಿಗಳ ಸಮೇತ ಒಬ್ಬರಿಗೆ ಒಪ್ಪಿಸಬೇಕಿತ್ತು. ಯಾರಿಗೆ? ಎರಡು ವಾರ ಬಿಟ್ಟು ಬರುವ ಭಾನುವಾರ, ಪರದೆ ಹಿಂದೆ ಇಟ್ಟು ನುಡಿಸಿದಾಗ ಯಾರ ಆಂಪ್ಲಿಫಯರ್ ಎಲ್ಲರ ಕಿವಿಗೂ ಹಿಡಿಸುತ್ತದೋ ಅವರಿಗೆ. ಎರಡೂ ಕಡೆ ನುಡಿಯಬೇಕು. ಒಂಟಿ ಬೋರ್ಡಿನ ಕುಂಟು ಪೆಟ್ಟಿಗೆ ತರಕೂಡದು.

ಬೆರ್ಮೆತ್‌ಗೆ ಆ ಅಂಗಡಿ ಬೇಕಿತ್ತು. ಬೇಕಿತ್ತು ಎಂದರೆ ಸಾಲದು. ನಿದ್ದೆಯಲ್ಲೂ ಅದರ ಬೀಗ ತೆಗೆಯುತ್ತಿದ್ದಳು.

ಆ ಭಾನುವಾರ ಚಹಾದಂಗಡಿಯಲ್ಲಿ ಮಾರ್ಲೆನ್ ಬಾಯ್ಕೆ ಪೊಟ್ಟಣ ಹಂಚಿದರು. ಒಂದೊಂದು ಪೊಟ್ಟಣದಲ್ಲಿ ಎರಡೆರಡು ಬೋರ್ಡು. ಎಂಟು ಜನ ಬಿಚ್ಚಿ, ಬೆಳಕಿಗೆ ಹಿಡಿದು, ಮುತ್ತಿಡುವುದೊಂದು ಬಾಕಿ. ಆಮೇಲೆ ಬಿಚ್ಚಿದವಳು ಬೆರ್ಮೆತ್. ಒಂದು ಬೋರ್ಡು ನಟ್ಟನಡುವೆ ಸೀಳಿತ್ತು.

"ಅಯ್ಯೋ, ಮೂಟೆ ಮೇಲೆ ಯಾವನೋ ಫ್ರಿಜ್ ಇಟ್ಟಿದ್ದಾನೆ," ಎಂದರು ಮಾರ್ಲೆನ್ ಬಾಯ್ಕೆ. "ಇನ್ನೊಂದು ಸಲ ತರಿಸೋಣ ಮಗಳೇ. ಎರಡು ತಿಂಗಳು ಅಷ್ಟೆ."

"ಎರಡು ತಿಂಗಳಿಗೆ ನೀವು ಕರಕೋಲ್‌ನಲ್ಲಿ ಸೇಬು ಕೀಳ್ತಾ ಇರ್ತೀರಿ ಬಾಯ್ಕೆ," ಎಂದಳು ಬೆರ್ಮೆತ್. ನಗಲು ಹೋಯಿತು ಆ ತುಟಿ, ಅರ್ಧದಲ್ಲೇ ನಿಂತಿತು. ಉಳಿದ ಎಂಟು ಜನ ತಮ್ಮ ಬೋರ್ಡುಗಳನ್ನು ಮೆಲ್ಲಗೆ ಕೋಟಿನೊಳಗೆ ಇಳಿಬಿಟ್ಟರು. ಕುರಿ ಕಳ್ಳತನ ಮಾಡಿದವರೂ ಅಷ್ಟು ನಾಜೂಕಾಗಿ ಬಚ್ಚಿಡುವುದಿಲ್ಲ.

ಎರ್ನಿಸ್ ಇನ್ನೂ ತನ್ನ ಪೊಟ್ಟಣ ಬಿಚ್ಚಿರಲಿಲ್ಲ. ಮೇಜಿನ ಕೆಳಗೆ ಬಿಚ್ಚಿ ನೋಡಿದ. ಎರಡೂ ಚೈತ್ರದ ಗುಡ್ಡದಂತೆ ಹಸಿರಾಗಿ, ಒಂದು ಗೀರೂ ಇಲ್ಲದೆ ಹೊಳೆಯುತ್ತಿದ್ದವು. ಒಂದನ್ನು ಅವಳಿಗೆ ಕೊಟ್ಟುಬಿಡಬಹುದಿತ್ತು. ಕೊಟ್ಟರೆ ಏನಾಗುತ್ತದೆ? ಉಪಕಾರವಾಯಿತು ಎಂದು "ರಹ್ಮತ್" ಎನ್ನುತ್ತಾಳೆ, ಬಸ್ಸು ಹತ್ತುತ್ತಾಳೆ, ಕಥೆ ಮುಗಿಯುತ್ತದೆ. ಅವನ ತಲೆ ಇದನ್ನು ಯೋಚಿಸುವ ಮುಂಚೆಯೇ ಬಾಯಿ ಹೇಳಿಬಿಟ್ಟಿತು:

"ನಂದೂ ಒಂದು ಮುರಿದಿದೆ."

"ಎಲ್ಲಿ, ತೋರಿಸು," ಎಂದರು ಮಾರ್ಲೆನ್ ಬಾಯ್ಕೆ.

"ಬೇಡ ಬಾಯ್ಕೆ, ಕೈ ಕುಯ್ಯುತ್ತೆ." ಅವನ ಕಿವಿ ಬೀಟ್‌ರೂಟ್ ಆಯಿತು.

ಬೆರ್ಮೆತ್ ಅವನ ಕಡೆ ತಿರುಗಿದಳು. ಮೊದಲ ಸಲ, ನೇರವಾಗಿ. ಕಪ್ಪು ಕಣ್ಣು ಸ್ವಲ್ಪ ಕಿರಿದಾಯಿತು, ಹುಬ್ಬೊಂದು ಮೇಲೇರಿತು, ಆಮೇಲೆ ಇಳಿಯಲು ಮರೆಯಿತು. ಎರ್ನಿಸ್ ಅಭ್ಯಾಸಬಲದಿಂದ ಕೆಪಾಸಿಟರ್ ಡಬ್ಬಿಯನ್ನು ಹುಡುಕಿದ. ಚಹಾದಂಗಡಿಯಲ್ಲಿ ಅದೆಲ್ಲಿ ಸಿಗಬೇಕು!

"ಹಾಗಾದ್ರೆ ನಿಮ್ಮ ಹತ್ರ ಒಂದು, ನನ್ನ ಹತ್ರ ಒಂದು," ಎಂದಳು. "ನಿಮ್ದು ನನಗೆ ಕೊಟ್ಬಿಡಿ."

"ಕೊಡಲ್ಲ."

"ಯಾಕೆ? ಒಂಟಿ ಬೋರ್ಡು ಇಟ್ಕೊಂಡು ಪೂಜೆ ಮಾಡ್ತೀರಾ?"

"ಜೊತೆಗೆ ಕಟ್ಟೋಣ. ಹೆಸರು ನಿಮ್ದೇ ಇರ್ಲಿ, ಅಂಗಡೀನೂ ನಿಮಗೇ. ನನಗೆ ನನ್ನ ಲಿಫ್ಟುಗಳಿವೆ."

"ಮತ್ತೆ ನಿಮಗೇನು ಸಿಗುತ್ತೆ?"

ಎರ್ನಿಸ್ ಬಟ್ಟಲಿನ ಚಹಾದೊಳಗೆ ಉತ್ತರ ಹುಡುಕಿದ. "ಹಾಡು ಕೇಳ್ಬೇಕು... ಅಷ್ಟೆ."

ಮಾರ್ಲೆನ್ ಬಾಯ್ಕೆಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಆ ಕೆಮ್ಮು ಬಹಳ ಹೊತ್ತು ಬಿಡಲಿಲ್ಲ.

*

ಸಂಜೆ ಆರಕ್ಕೆ ಬೆರ್ಮೆತ್ ಎರಡು ಬಸ್ಸು ಬದಲಿಸಿ ಎರ್ನಿಸ್‌ನ ಮನೆಗೆ ಬರುತ್ತಿದ್ದಳು. ಐದನೇ ಮಹಡಿ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನ ಮನೆಗೆ ಲಿಫ್ಟೇ ಇರಲಿಲ್ಲ. ಅವಳು ಮೇಲೆ ಬರುವಷ್ಟರಲ್ಲಿ ಅವನ ತಾಯಿ ಶಾಯಿರ್ ಬಾಗಿಲು ತೆಗೆದು, ಹಿಟ್ಟಿನ ಉಂಡೆಯ ಬೋರ್ಸೋಕ್ ಕರಿದು, ಕೆನೆ, ಜಾಮು ಎಲ್ಲ ಹರವಿ ಕೂತಿರುತ್ತಿದ್ದಳು. ಹುಡುಗಿ ಬೆಸುಗೆ ಹಾಕಲು ಬರುತ್ತಿದ್ದಾಳೋ ಮದುವೆ ಊಟಕ್ಕೋ ತಿಳಿಯದಂತೆ.

"ತಿನ್ನು ಮಗಳೇ, ಗಾಳಿ ಬೀಸಿದ್ರೆ ಹಾರಿಹೋಗ್ತೀಯ."

"ಆಪಾ, ನಿನ್ನೆ ತಿಂದಿದ್ದೇ ಇನ್ನೂ ಗಂಟಲಲ್ಲಿದೆ." ಅಲ್ಲಿ ಆಪಾ ಎಂದರೆ ಅಮ್ಮ.

"ಹಾಗಾದ್ರೆ ಇದು ಅದನ್ನ ಕೆಳಗೆ ತಳ್ಳುತ್ತೆ."

ಮೊದಲ ವಾರ ಬೆರ್ಮೆತ್‌ಳ ಬೋರ್ಡು, ಎಡಗಡೆಯದು, ಕಟ್ಟಿದರು. ಅವಳು ಬೆಸುಗೆ ಹಾಕುವುದನ್ನು ನೋಡಬೇಕು! ತುಟಿಯ ಮೂಲೆಯಲ್ಲಿ ನಾಲಿಗೆಯ ತುದಿ, ಹಣೆಯ ಮೇಲೆ ಬಿದ್ದ ಕೂದಲನ್ನು ಉಫ್ ಎಂದು ಊದುವ ಗತ್ತು. ಸೋಲ್ಡರಿಂಗ್ ಐರನ್ನಿನ ತುದಿ ಮುಟ್ಟಿದಲ್ಲೆಲ್ಲ ಬೆಳ್ಳಿಯ ಹನಿ. ಎರ್ನಿಸ್ ತಂತಿ ಹಿಡಿದು ಕೂತವನು ತಂತಿಯನ್ನು ಬಿಟ್ಟು ಉಳಿದದ್ದೆಲ್ಲ ನೋಡಿದ.

"ಎರ್ನಿಸ್ ಬಾಯ್ಕೆ."

"ಆಂ?"

"ನೀವು ಹಿಡಿದಿರೋದು ನನ್ನ ತೋಳು. ತಂತಿ ಈ ಕಡೆ ಇದೆ."

ಒಳಗಿನ ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. ಶಾಯಿರ್ ನಕ್ಕದ್ದು ಕೇಳಿಸಬಾರದೆಂದು ತಾನೇ ಬೀಳಿಸಿದ್ದಳು.

ಎಡಬೋರ್ಡಿಗೆ ಮೊದಲ ಸಲ ಕರೆಂಟು ಕೊಡುವಾಗ ಮಾರ್ಲೆನ್ ಬಾಯ್ಕೆ ಕಲಿಸಿದಂತೆ ನಡುವೆ ಒಂದು ಬಲ್ಬು ಕಟ್ಟಿದರು. ಒಳಗೆ ತಪ್ಪಿದ್ದರೆ ಬಲ್ಬು ಭಗ್ಗನೆ ಉರಿದು ಬೋರ್ಡನ್ನು ಉಳಿಸುತ್ತದೆ. ಬಲ್ಬು ಒಂದು ಸಲ ಮಿಣುಕಿ ಆರಿತು. ತಪ್ಪಿಲ್ಲ! ಸ್ಪೀಕರಿನಿಂದ ಕೊಮುಜ್ ವಾದ್ಯದ ಮೂರು ತಂತಿ ಎಷ್ಟು ನಿಚ್ಚಳವಾಗಿ ಹೊಮ್ಮಿದವೆಂದರೆ, ಕೆಳಗಿನ ನಾಲ್ಕು ಮಹಡಿಯವರೂ ಸೂಪಿನ ಚಮಚ ಬಾಯಿಗಿಡದೆ ಕೂತರು. ಬೆರ್ಮೆತ್ ಕುರ್ಚಿಯಿಂದ ಎದ್ದು ಕುಣಿದಳು. ಕುಣಿಯುತ್ತಾ ಅವನ ತೋಳು ಹಿಡಿದು ಅಲ್ಲಾಡಿಸಿದಳು. ಅವಳು ಬಿಟ್ಟ ಮೇಲೂ ಅವನ ತೋಳು ಬಹಳ ಹೊತ್ತು ಅಲ್ಲಾಡುತ್ತಲೇ ಇತ್ತು.

ಎರ್ನಿಸ್‌ನ ಸುಖ ಮುಗಿಲು ಮುಟ್ಟಿತ್ತು. ಆದರೆ ಆ ಮುಗಿಲಿಗೆ ಒಂದು ಮುಳ್ಳು. ಅವನು ಹೇಳದೆ ಉಳಿಸಿದ ಆ ಎರಡನೇ ಬೋರ್ಡು, ಗೋಡೆ ಪಕ್ಕ ಪೇರಿಸಿಟ್ಟ ರಜಾಯಿಗಳ ನಡುವೆ, ಕೆಳಗಿನಿಂದ ಮೂರನೆಯದರಲ್ಲಿ, ಬೆಚ್ಚಗೆ ಮಲಗಿತ್ತು. ಎರಡನೇ ದಿನವೇ ರಜಾಯಿ ಬಿಸಿಲಿಗೆ ಹಾಕಲು ಹೋದ ಶಾಯಿರ್ ಅದನ್ನು ಹಿಡಿದಿದ್ದಳು.

"ಏನೋ ಇದು ಹಸಿರು ರೊಟ್ಟಿ?"

"ಆಪಾ, ದಮ್ಮಯ್ಯ, ಅದು ಅಲ್ಲೇ ಇರ್ಲಿ."

ತಾಯಿ ಬೋರ್ಡು ನೋಡಿದಳು, ಮಗನ ಕಿವಿ ನೋಡಿದಳು. ಎಂಟು ಮಕ್ಕಳನ್ನು ಸಾಕಿದ ಹೆಂಗಸಿಗೆ ಅಷ್ಟು ಸಾಕು. ಮರಳಿ ಅಲ್ಲೇ ತುರುಕಿ, ಮೇಲೆ ಇನ್ನೂ ಎರಡು ರಜಾಯಿ ಹೇರಿದಳು.

"ಅವಳಿಗೆ ಗೊತ್ತಾದ ದಿನ ನಿನ್ನ ಚರ್ಮ ಸುಲೀತಾಳೆ," ಎಂದಳು.

"ಗೊತ್ತಾಗಲ್ಲ ಬಿಡಿ."

*

ಕೇಳುವ ಭಾನುವಾರಕ್ಕೆ ಇನ್ನೆರಡೇ ದಿನ. ಶುಕ್ರವಾರ ಬೆರ್ಮೆತ್ ಕಾರ್ಖಾನೆಯಿಂದ ಅರ್ಧ ದಿನ ರಜೆ ಪಡೆದು ಮಧ್ಯಾಹ್ನವೇ ಬಂದಳು. ಬಲಬೋರ್ಡು ಸಿದ್ಧವಾಗಿತ್ತು. ಮಾರ್ಲೆನ್ ಬಾಯ್ಕೆ ನಕ್ಷೆ ಬರೆದದ್ದು ಈಗಿನ ಟ್ರಾನ್ಸಿಸ್ಟರಿಗೆ. ಬೆರ್ಮೆತ್ ಹಾಕುತ್ತಿದ್ದದ್ದು ಸೋವಿಯತ್ ಕಾಲದ ಕಿತ್ತಳೆ ಬಣ್ಣದ ಪುಟ್ಟ ಟ್ರಾನ್ಸಿಸ್ಟರ್. ಅದರ ದನಿಯೇ ಬೇರೆ ಎಂದು ರೇಡಿಯೋ ಸಾಲಿನವರು ಆಣೆ ಇಟ್ಟು ಹೇಳುತ್ತಾರೆ. ಆದರೆ ಅದರ ಮೂರು ಕಾಲುಗಳ ಕ್ರಮ ಬೇರೆ. ಒಂದರ ಮೇಲೊಂದು ದಾಟಿಸಿ ಬಗ್ಗಿಸಿ ಕೂರಿಸಬೇಕು. ಎಡಬೋರ್ಡಿಗೆ ಅವಳು ಒಂದೊಂದನ್ನೂ ಮಗುವಿನ ಕಾಲಿನಂತೆ ಹಿಡಿದು ದಾಟಿಸಿದ್ದಳು.

"ಬಲ್ಬು ಕಟ್ತೀನಿ ಇರಿ," ಎಂದ ಎರ್ನಿಸ್.

"ಬಲ್ಬು ಯಾಕೆ? ಎಡದ್ದು ಹಾಡಿತಲ್ಲ! ಇದು ಅದರ ಅವಳಿ." ಅವಳ ಕಣ್ಣು ಮಿಂಚುತ್ತಿತ್ತು, ಕೈ ಆಗಲೇ ಸ್ವಿಚ್ಚಿನ ಮೇಲಿತ್ತು. "ಎರಡೂ ಒಟ್ಟಿಗೆ ಕೇಳ್ಬೇಕು, ಈಗ್ಲೇ, ಈ ಕ್ಷಣವೇ!"

ಟಪ್.

ಎಂಥ ಸದ್ದು ಅದು! ಮೇಜಿನ ಮೇಲೆ ನೀಲಿ ಮಿಂಚು, ಸುಟ್ಟ ವಾಸನೆ, ಒಲೆ ಪಕ್ಕದ ಬೆಕ್ಕು ಬೀರು ಏರಿ ಎರಡು ದಿನ ಇಳಿಯಲಿಲ್ಲ. ಹೊಗೆ ಸರಿದಾಗ ಬೋರ್ಡಿನ ತಾಮ್ರದ ಗೆರೆಗಳು ಎದ್ದು ಸುರುಳಿ ಸುತ್ತಿಕೊಂಡಿದ್ದವು.

ಬೆರ್ಮೆತ್ ಬಗ್ಗಿ ನೋಡಿದಳು. ಒಂದೇ ಒಂದು ಕಿತ್ತಳೆ ಟ್ರಾನ್ಸಿಸ್ಟರ್, ಮೂಲೆಯದು, ಕಾಲು ದಾಟಿಸದೆ ನೇರ ನಿಂತಿತ್ತು.

"ನಾನೇ," ಎಂದಳು. "ನಾನೇ ದಾಟಿಸಲಿಲ್ಲ. ಬಲ್ಬೂ ಕಟ್ಟಲಿಲ್ಲ. ಒಂದು ಬಲ್ಬು!" ಕುರ್ಚಿಯಲ್ಲಿ ಕುಸಿದಳು. "ನಿಮ್ಮ ಬೋರ್ಡನ್ನೂ ಸುಟ್ಟೆ ಎರ್ನಿಸ್ ಬಾಯ್ಕೆ. ನಿಮ್ಮ ಹತ್ರ ಇದ್ದಿದ್ದೇ ಒಂದು."

ಆಮೇಲೆ ಅವಳು ಅತ್ತಳು. ಸದ್ದಿಲ್ಲದೆ, ಮಸಿ ಹತ್ತಿದ ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ. ಕೆನ್ನೆಯ ಮೇಲೆ ಕರಿಗೆರೆ ಮೂಡಿತು.

ಎರ್ನಿಸ್‌ನ ಎದೆಯಲ್ಲಿ ಹದಿನಾರು ಮಹಡಿಯ ಲಿಫ್ಟಿನ ಹಗ್ಗ ಕಡಿದಂತಾಯಿತು. ಬಾಯಿ ಬಿಟ್ಟರೆ ಅವಳ ಅಂಗಡಿ ಉಳಿಯುತ್ತದೆ, ಅವಳು ಹೋಗುತ್ತಾಳೆ. ಮುಚ್ಚಿಕೊಂಡಿದ್ದರೆ ಇವತ್ತು ಅವಳು ಅವನ ಭುಜಕ್ಕೇ ಒರಗಿ ಅಳಬಹುದು. ಆದರೆ ಸೋಮವಾರದಿಂದ ಸಾಯುವವರೆಗೆ ಜಿಪ್ಪು ಹೊಲಿಯಬೇಕು. ಅಡುಗೆಮನೆ ಬಾಗಿಲಲ್ಲಿ ಶಾಯಿರ್ ಬಂದು ನಿಂತಳು. ರಜಾಯಿ ರಾಶಿಯ ಕಡೆ ಗದ್ದ ಎತ್ತಿದಳು, ಅಷ್ಟೆ.

ಅವನು ಎದ್ದ. ಮೇಲಿನ ರಜಾಯಿಗಳನ್ನು ನೆಲಕ್ಕೆ ಎಳೆದ. ಕೆಳಗಿನಿಂದ ಮೂರನೆಯದರಿಂದ ಹೊಚ್ಚ ಹೊಸ ಹಸಿರು ಬೋರ್ಡು ತೆಗೆದು ಅವಳ ಎದುರು ಇಟ್ಟ.

ಬೆರ್ಮೆತ್ ಬೋರ್ಡನ್ನು ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು.

"ಇದು ಎಲ್ಲಿತ್ತು?"

"ರಜಾಯಿಯಲ್ಲಿ."

"ಯಾವಾಗಿನಿಂದ?"

"ಮೊದಲ ದಿನದಿಂದ. ನಂದು ಮುರಿದಿರಲಿಲ್ಲ. ಎರಡೂ ಚೆನ್ನಾಗಿದ್ವು. ಆಗ್ಲೇ ಕೊಟ್ಟಿದ್ರೆ ನೀವು ರಹ್ಮತ್ ಅಂದು ಹೊರಟುಹೋಗ್ತಿದ್ರಿ... ಅದಕ್ಕೆ."

ಅವಳು ಬೋರ್ಡು ಕೆಳಗಿಟ್ಟು ಬೆರಳು ಮಡಚಿ ಎಣಿಸಿದಳು.

"ಹನ್ನೆರಡು ದಿನ," ಎಂದಳು ಬೆರ್ಮೆತ್. "ದಿನಕ್ಕೆ ನಾಲ್ಕು ಬಸ್ಸು. ಐದು ಮಹಡಿ. ನಾನೇ ಎರಡು ಬೋರ್ಡು ಇಟ್ಕೊಂಡು ಮನೆಯಲ್ಲಿ ಆರಾಮಾಗಿ ಕಟ್ತಿದ್ದೆನಲ್ಲೋ! ಅಂಗಡಿ ನನ್ನ ಜೀವ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಮೇಲೆ ಕೂತು ಆಟ ಆಡಿದೆ!"

ಇಷ್ಟು ಬೈಗುಳದ ನಡುವೆಯೂ ಅವಳು ಮೊದಲ ಸಲ ತನ್ನನ್ನು ನೀನು ಎಂದಳಲ್ಲ ಎಂದು ಆ ಪೆದ್ದನ ಒಂದು ಕಿವಿ ಹಿಗ್ಗಿತು. ಇನ್ನೊಂದು ಕಿವಿ ಸತ್ತುಹೋಗಿತ್ತು.

"ತಪ್ಪಾಯ್ತು," ಎಂದ.

ಅವಳು ಎದ್ದು ಕೋಟು ಹಾಕಿಕೊಂಡಳು. ಬಾಗಿಲವರೆಗೆ ಹೋದಳು. ಮತ್ತೆ ತಿರುಗಿ ಬಂದು, ಕೋಟು ಬಿಚ್ಚಿ, ಸೋಲ್ಡರಿಂಗ್ ಐರನ್ ಬಿಸಿಗಿಟ್ಟಳು. ಅಡುಗೆಮನೆಯ ಕಡೆ ಮುಖ ಮಾಡಿ ಹೇಳಿದಳು:

"ಆಪಾ, ನಿಮ್ಮ ಮಗನಿಗೆ ಹೇಳಿ, ಇಕ್ಕಳ ಕೊಡ್ಲಿ."

ಮಗ ಅವಳ ಮಗ್ಗುಲಲ್ಲೇ ಇದ್ದ.

"ಎರ್ನಿಸ್, ಇಕ್ಕಳ ಕೊಡಬೇಕಂತೆ," ಎಂದು ಶಾಯಿರ್ ಒಳಗಿನಿಂದ ಕೂಗಿದಳು.

ಶುಕ್ರವಾರ ಸಂಜೆಯೆಲ್ಲ, ಶನಿವಾರ ಹಗಲೆಲ್ಲ ಹೀಗೇ ನಡೆಯಿತು. ಅವನು ಬಿಡಿಭಾಗಕ್ಕೆಂದು ಬಜಾರಿಗೆ ಓಡಿದ, ಬಂದ, ಮತ್ತೆ ಓಡಿದ. ಐದು ಮಹಡಿಯ ಮೆಟ್ಟಿಲು ಅವನ ಪಾದಕ್ಕೆ ಎರಡು ಬೆರಳು ಸವೆಯಿತು.

"ಆಪಾ, ನಿಮ್ಮ ಮಗನಿಗೆ ಹೇಳಿ, ಈ ಕಾಲು ದಾಟಿದೆಯಾ ನೋಡ್ಲಿ."

"ಆಪಾ, ಅವರಿಗೆ ಹೇಳಿ, ದಾಟಿದೆ."

"ಆಪಾ, ಎಲ್ಲಾನೂ ಎರಡೆರಡು ಸಲ ನೋಡ್ಲಿ ಅಂತ ಹೇಳಿ. ಸುಳ್ಳು ಹೇಳದೆ ನೋಡ್ಲಿ."

"ನನ್ನ ಬೋರ್ಸೋಕ್ ಹೊತ್ತಿಹೋಗುತ್ತೆ, ನೀವಿಬ್ರೇ ಜಗಳ ಆಡ್ಕೊಳಿ!" ಎಂದಳು ಶಾಯಿರ್.

"ನಿಮಗೂ ಗೊತ್ತಿತ್ತಾ ಆಪಾ? ಆ ಬೋರ್ಡು?"

"ನನಗಾ? ಅಯ್ಯೋ, ನನಗೇನು ಗೊತ್ತಮ್ಮಾ, ಮುದುಕಿ!" ಎಂದಳು. ಆ ಮನೆಯಲ್ಲಿ ಸುಳ್ಳು ಹೇಳಲು ಬರುತ್ತಿದ್ದದ್ದು ಅವಳೊಬ್ಬಳಿಗೇ.

ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಬೋರ್ಡು ಮುಗಿಯಿತು. ಬೆರ್ಮೆತ್ ಸ್ವಿಚ್ಚು ಮುಟ್ಟದೆ ಕೈ ಕಟ್ಟಿ ಕೂತಳು. ಎರ್ನಿಸ್ ಬಲ್ಬು ಕಟ್ಟಿದ. ಬಲ್ಬು ಮಿಣುಕಿತು. ಆರಿತು. ಎಡದಿಂದ ಒಂದು ಬೆರಳು ತಂತಿ ಮೀಟಿತು, ಬಲದಿಂದ ಇನ್ನೊಂದು ಉತ್ತರ ಕೊಟ್ಟಿತು. ನುಡಿಸುವವನು ಇಬ್ಬರ ನಡುವೆ, ಆ ಜಮಖಾನದ ಮೇಲೇ ಕಾಲು ಮಡಚಿ ಬಂದು ಕೂತಂತಾಯಿತು. ಬೆರ್ಮೆತ್ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನ ಅಂಚಿನಲ್ಲಿ ನೀರು. ಆಮೇಲೆ ಒಂದೇ ಕಣ್ಣು ತೆರೆದು, ಕೂದಲೆಳೆಯಷ್ಟು ಮಾತ್ರ ತೆರೆದು, ಎರ್ನಿಸ್‌ನ ಕಡೆ ನೋಡಿದಳು. ಅವನು ಸ್ಪೀಕರ್ ನೋಡುತ್ತಿದ್ದುದರಿಂದ ಆ ನೋಟ ಯಾರಿಗೂ ಸೇರದೆ ವ್ಯರ್ಥವಾಯಿತು. ಶಾಯಿರ್ ಅಡುಗೆಮನೆಯಲ್ಲಿ ಹಣೆ ಚಚ್ಚಿಕೊಂಡಳು.

*

ಭಾನುವಾರ ಚಹಾದಂಗಡಿ ಕಿಕ್ಕಿರಿದಿತ್ತು. ಪರದೆ ಹಿಂದೆ ಏಳು ಆಂಪ್ಲಿಫಯರ್. ಎಲ್ಲದರಲ್ಲೂ ಅದೇ ಕೊಮುಜಿನ ಪದ. ಕೇಳಲು ಕೂತವರು ಇಪ್ಪತ್ತೊಂದು ಜನ ಹಿರಿಯರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಜರ್ದಾಳು ಬೀಜ. ಮೆಚ್ಚಿದ ಆಂಪ್ಲಿಫಯರಿನ ನಂಬರಿನ ಬಟ್ಟಲಿಗೆ ಹಾಕಬೇಕು.

ಬೆರ್ಮೆತ್ ಒಳಗೆ ನಿಲ್ಲಲಾರದೆ ಹೊರಗೆ ಮಾಂಸ ತುಂಬಿದ ಸಂಸಾ ಸುಟ್ಟು ಮಾರುವ ಖುರ್ಷಿದಾಳ ಒಲೆಯ ಹತ್ತಿರ ಹೋಗಿ ನಿಂತಿದ್ದಳು. ಬೆಳಿಗ್ಗೆಯಿಂದ ಎರ್ನಿಸ್‌ನ ಜೊತೆ ಒಂದು ಮಾತಿಲ್ಲ. ಮಧ್ಯಸ್ಥಿಕೆಗೆ ಶಾಯಿರ್ ಕೂಡ ಬಂದಿರಲಿಲ್ಲ.

ಒಳಗೆ ಬೀಜ ಎಣಿಸಿದರು. ಮಾರ್ಲೆನ್ ಬಾಯ್ಕೆ ಪರದೆ ಸರಿಸಿ ನಂಬರು ಓದಿದರು. ಅವರ ಬಾಯಿ ಮುಚ್ಚುವ ಮುಂಚೆ ಎರ್ನಿಸ್ ಬಾಗಿಲಲ್ಲಿದ್ದ. ಎರಡು ಸ್ಟೂಲು, ಒಂದು ಚಹಾದ ತಟ್ಟೆ, ಒಬ್ಬ ನಿವೃತ್ತ ಕರ್ನಲ್ ಕೆಳಗೆ ಬಿದ್ದರು. ಇಡೀ ಬಜಾರಿಗೆ ಕೇಳುವಂತೆ ಕೂಗಿದ:

"ಸೂಯುಂಚು! ಸೂಯುಂಚು!"

ಒಳ್ಳೆಯ ಸುದ್ದಿ ತಂದವನು ಮೊದಲು ಹಾಗೆ ಕೂಗುತ್ತಾನೆ. ಕೇಳುವವರು ಉಡುಗೊರೆ ಕೊಡುತ್ತೇನೆ ಎಂದ ಮೇಲೇ ಸುದ್ದಿ. ಕೊಟ್ಟ ಮಾತನ್ನು ಆಮೇಲೆ ತಪ್ಪುವ ಹಾಗಿಲ್ಲ, ಶತ್ರುವೇ ತಂದಿದ್ದರೂ.

ಬೆರ್ಮೆತ್‌ಳ ಮುಖ ಬಿಳಿಚಿತು. ಮಾತು ಬಿಟ್ಟಿರುವವನ ಹತ್ತಿರ ಮಾತಾಡಲೇಬೇಕಾಗಿ ಬಂತು.

"ಕೊಡ್ತೀನಿ," ಎಂದಳು. "ಏನು ಬೇಕಾದ್ರೂ ಕೊಡ್ತೀನಿ, ಬೇಗ ಹೇಳೋ!"

"ಹದಿಮೂರು ಬೀಜ! ಅಂಗಡಿ ನಿಂದೇ!"

ಅವಳು ಕಿರುಚಿದ ಕಿರುಚಿಗೆ ಪಾರಿವಾಳಗಳು ಎದ್ದು ಕಝಕ್ ಗಡಿ ದಾಟಿದವು. ಅವಳು ಕೈ ಚಾಚಿ ಓಡಿಬಂದಳು, ಎರ್ನಿಸ್‌ನನ್ನು ದಾಟಿ ಹೋಗಿ, ಹಿಟ್ಟು ಮೆತ್ತಿದ್ದ ಖುರ್ಷಿದಾಳನ್ನು ತಬ್ಬಿ ನಾಲ್ಕು ಸುತ್ತು ತಿರುಗಿಸಿದಳು. ಎರ್ನಿಸ್ ಅರ್ಧ ಚಾಚಿದ್ದ ತನ್ನ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

ಆಮೇಲೆ ಅವಳು ಬಂದು ಎದುರಿಗೆ ನಿಂತಳು. ಮೂಗಿನ ತುದಿಯಲ್ಲಿ ಹಿಟ್ಟು, ಕಣ್ಣಲ್ಲಿ ದೀಪ.

"ಹೂಂ, ಕೇಳು. ಏನು ಬೇಕು?"

"ಸಿಟ್ಟು ಬಿಡು."

"ಅದು ನಿನ್ನೆ ನಾಲ್ಕು ಗಂಟೆಗೇ ಬಿಟ್ಟಾಯ್ತು. ನೀನು ನೋಡ್ಲಿಲ್ಲ, ಸ್ಪೀಕರ್ ನೋಡ್ತಿದ್ದೆ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಆಗ್ಲೇ ಕೊಟ್ಟಿರೋದನ್ನ ಕೇಳಿ ಸೂಯುಂಚು ಹಾಳು ಮಾಡ್ಕೋಬೇಡ. ಇನ್ನೇನಾದ್ರೂ ಕೇಳು."

ಎರ್ನಿಸ್ ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಕೊನೆಗೆ, ಒಂದು ವರ್ಷ ಎರಡು ವಾರ ತಡವಾಗಿ, ನೇರವಾಗಿ ಅವಳ ಕಣ್ಣನ್ನೇ ನೋಡಿದ.

"ನಮ್ಮಮ್ಮ ನಿಮ್ಮ ಮನೆಗೆ ಬರ್ಲಾ? ಓಲೆ ತಗೊಂಡು. ನಿನ್ನ ಕಿವಿಗೆ ಹಾಕೋಕೆ."

ಹುಡುಗನ ತಾಯಿ ಬಂದು ಓಲೆ ಹಾಕಿದರೆ ಅಲ್ಲಿ ಮದುವೆ ನಿಶ್ಚಯವಾದಂತೆ. ಒಲೆಯ ಮೇಲೆ ಸಂಸಾ ಸೀದ ವಾಸನೆ ಬಂತು. ಖುರ್ಷಿದಾ ತಿರುಗಿಸಲಿಲ್ಲ. ಚಹಾದಂಗಡಿಯ ಬಾಗಿಲಲ್ಲಿ ಇಪ್ಪತ್ತೊಂದು ಗಡ್ಡಗಳು ಒಂದರ ಮೇಲೊಂದು ಇಣುಕಿದವು.

ಬೆರ್ಮೆತ್‌ಳ ತುಟಿ ಮೂಲೆಯಲ್ಲಿ ನಡುಗಿತು. ನಗುವನ್ನು ಹಿಡಿದಿಡಲು ಎಷ್ಟು ಪಾಡುಪಟ್ಟಳೋ, ಅದು ಅಷ್ಟೇ ಕಣ್ಣಿಗೆ ಏರಿತು.

"ಯಾವಾಗ?" ಎಂದಳು.

"ಬರೋ ಭಾನುವಾರ?"

"ಭಾನುವಾರ ನಾನು ಅಂಗಡಿ ತೆಗೀಬೇಕು. ಗಿರಾಕಿಗಳು ಬರ್ತಾರೆ." ಕೋಟಿನ ಗುಂಡಿ ಹಾಕಿಕೊಂಡಳು, ಬಿಚ್ಚಿದಳು, ಮತ್ತೆ ಹಾಕಿಕೊಂಡಳು. "ಸೋಮವಾರ ಬಜಾರಿಗೆ ರಜ."

"ಬರೋ ಸೋಮವಾರ?"

"ಬರೋ ಸೋಮವಾರ ಯಾಕೋ," ಎಂದಳು ಬೆರ್ಮೆತ್, "ನಾಳೆ ಯಾವ ವಾರ?"